ಹಿಂದೆ ನಿಂತು ಕೈ ತೋರಿಸುವವನು

ದರ್ಜಿ ತನ್ನ ಹೆಂಡತಿಗೆ ಹೇಳಿದ ಸುಳ್ಳು ಅಷ್ಟೇನೂ ದೊಡ್ಡದಾಗಿರಲಿಲ್ಲ. ಮನೆಯ ಹಿಂದಿನ ಷೆಡ್ಡಿನಲ್ಲಿ ನಿಂತಿದ್ದ ಹಳೇ ಮಿಲಿಟರಿ ಲಾರಿಯನ್ನು ಮಾರಬೇಕು, ಅದಕ್ಕೆ ಅವಳು ಹೂಂ ಅನ್ನಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅದಕ್ಕೊಂದು ಭೂತವನ್ನು ಎರವಲು ತಂದ. ಪಾಪ, ಆ ಭೂತವನ್ನು ಒಂದು ಮಾತು ಕೇಳಲಿಲ್ಲ ನೋಡಿ, ತಪ್ಪಾದದ್ದು ಅಲ್ಲೇ.

ಲಾರಿಯನ್ನು ತಂದವರು ಇಬ್ಬರು: ದರ್ಜಿ ಮತ್ತು ಅವನ ಭಾವಮೈದುನ. ಹೆಂಡತಿಯ ತಮ್ಮನಾದ ಆ ಭಾವಮೈದುನ ಕಸುಬಿನಿಂದ ಪೇಂಟರ್. ಗೋಡೆ, ಗೇಟು, ಅಂಗಡಿಯ ಬೋರ್ಡು, ಏನು ಕೊಟ್ಟರೂ ಬಳಿಯುತ್ತಿದ್ದ. ಸೈನ್ಯದವರು ಸವೆಸಿ ಬಿಸಾಕಿದ್ದ ಆ ಆರು ಚಕ್ರದ ತಗಡಿನ ರಾಶಿಯನ್ನು ಇಬ್ಬರೂ ವರ್ಷಗಟ್ಟಲೆ ಉಜ್ಜಿ, ಬೆಸುಗೆ ಹಾಕಿಸಿ, ಬೈಸಿಕೊಂಡು ಎಬ್ಬಿಸಿ ನಿಲ್ಲಿಸಿದ್ದರು. ಮೇಲಿನ ಕ್ಯಾನ್ವಾಸ್ ಹೊದಿಕೆಯನ್ನು ದರ್ಜಿಯೇ ಹೊಲಿದ. ಎಷ್ಟು ಸೂಜಿ ಮುರಿದವೋ ಅವನಿಗೇ ಗೊತ್ತು. ಹಸಿರು ಬಣ್ಣವನ್ನು ಪೇಂಟರ್ ಹದವಾಗಿ ಕಲಸಿ ಹಚ್ಚಿದ. ಆಮೇಲೆ ಪ್ರತಿ ವರ್ಷ ಊರಾಚೆಯ ಬಯಲಿನಲ್ಲಿ ನಡೆಯುವ ಹಳೇ ಮಿಲಿಟರಿ ಗಾಡಿಗಳ ಪ್ರದರ್ಶನಕ್ಕೆ ಇಬ್ಬರೂ ಮದುವೆ ದಿಬ್ಬಣದ ಹಾಗೆ ಹೊರಡುತ್ತಿದ್ದರು.

ಹವ್ಯಾಸದವರ ಲೋಕವೇ ಬೇರೆ. ಜೀಪು, ಆಂಬುಲೆನ್ಸು, ಫಿರಂಗಿ ಎಳೆಯುವ ಗಾಡಿ, ಪಕ್ಕದಲ್ಲಿ ತೊಟ್ಟಿಲು ಕಟ್ಟಿದ ಮೋಟಾರ್ ಸೈಕಲ್ಲು, ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಯಜಮಾನರು ಒಬ್ಬರ ಗಾಡಿಯ ಕೆಳಗೆ ಇನ್ನೊಬ್ಬರು ತೂರಿ ತಪ್ಪು ಹುಡುಕುತ್ತಾರೆ. ಅದರಲ್ಲಿ ಒಬ್ಬನಿಗಂತೂ ಬೋಲ್ಟಪ್ಪ ಎಂದೇ ಹೆಸರು. ಯಾರ ಗಾಡಿಯಲ್ಲಿ ಯಾವ ಬೋಲ್ಟು ಆ ಕಾಲದ್ದಲ್ಲ ಎಂದು ಕಂಡುಹಿಡಿಯದಿದ್ದರೆ ಆ ಪುಣ್ಯಾತ್ಮನಿಗೆ ಅನ್ನ ಅರಗುವುದಿಲ್ಲ.

ಅಲ್ಲಿ ಒಂದು ನಿಯಮ ಮಾತ್ರ ಎಲ್ಲರೂ ಪಾಲಿಸುತ್ತಾರೆ. ಅಂಥ ಲಾರಿಯಲ್ಲಿ ಕೂತರೆ ಹಿಂದೇನಿದೆ ಎಂದು ದೇವರಿಗೂ ಕಾಣದು. ಹಾಗಾಗಿ ಹಿಂದಕ್ಕೆ ತೆಗೆಯುವಾಗ ಒಬ್ಬ ಹಿಂದೆ ನಿಂತು ಕೈ ತೋರಿಸಬೇಕು, ಡ್ರೈವರ್ ತನ್ನ ಬದಿಯ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿರಬೇಕು. ಅವನು ಕನ್ನಡಿಯಿಂದ ಮರೆಯಾದನೋ, ತಕ್ಷಣ ಬ್ರೇಕು. ದರ್ಜಿಗೆ ಕೈ ತೋರಿಸುವವನು ಪೇಂಟರ್. ಬರೀ ಕೈಯಲ್ಲ, ಬಾಯಿಯೂ ಸುಮ್ಮನಿರುತ್ತಿರಲಿಲ್ಲ. "ಬನ್ನಿ ಭಾವ, ಬನ್ನಿ! ಮಾವನ ಮನೆಗೆ ಊಟಕ್ಕೆ ಬರೋ ಹಾಗೆ ಬನ್ನಿ, ನಾಚ್ಕೋಬೇಡಿ!" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗುತ್ತಿದ್ದ.

ಆ ಪೇಂಟರ್ ಒಂದು ಮಧ್ಯಾಹ್ನ ಶಾಲೆಯ ಗೋಡೆಗೆ ಸುಣ್ಣ ಬಳಿದು, ಏಣಿಯಿಂದಿಳಿದು, ಉಸ್ಸಪ್ಪಾ ಎಂದು ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಹೃದಯ ನಿಂತಿತ್ತು. ಮದುವೆಯಾಗಿರಲಿಲ್ಲ, ಅಕ್ಕನ ಮನೆಯ ಹಿಂದಿನ ಕೋಣೆಯೇ ಅವನ ಮನೆ. ತಾಯಿ ಹೋದಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ.

ಅಂದಿನಿಂದ ದರ್ಜಿಗೆ ಲಾರಿ ಬೇಡವಾಯಿತು. ಡೀಸೆಲ್ ವಾಸನೆ ಬಡಿದರೆ ಸಾಕು, ಷೆಡ್ಡಿನ ಬಾಗಿಲು ಎಳೆದು ಬರುತ್ತಿದ್ದ. ಆಸಕ್ತಿ ಬತ್ತಿಹೋಯಿತು, ವಯಸ್ಸಾಯಿತು, ಇನ್ನೇನು ಎಂದು ತನಗೆ ತಾನೇ ಹೇಳಿಕೊಂಡ. ಒಮ್ಮೆ ಊಟದ ಹೊತ್ತಿನಲ್ಲಿ "ಲಾರಿ ಕೊಟ್ಬಿಡೋಣ್ವಾ?" ಎಂದದ್ದಕ್ಕೆ ಹೆಂಡತಿ ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋದಳು. ಆಗಲೇ ಅವನಿಗೆ ಭೂತದ ಉಪಾಯ ಹೊಳೆದದ್ದು.

"ಏನೇ," ಎಂದ ಒಂದು ಭಾನುವಾರ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಆದಷ್ಟು ದನಿ ನಡುಗಿಸಿ. "ಹೇಳಬಾರದು ಅಂದ್ಕೊಂಡಿದ್ದೆ. ಲಾರಿ ಹಿಂದಕ್ಕೆ ತೆಗೆಯುವಾಗ ಕನ್ನಡೀಲಿ ನಿನ್ನ ತಮ್ಮ ಕಾಣ್ತಾನೆ ಕಣೇ. ಕೈ ತೋರಿಸ್ತಾ ನಿಂತಿರ್ತಾನೆ."

ಕಿರುಚುತ್ತಾಳೆ, ನಾಳೆಯೇ ಮಾರಿ ಎನ್ನುತ್ತಾಳೆ ಎಂದು ಅವನ ಲೆಕ್ಕಾಚಾರ. ಅಲ್ಲಾ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕಂಡಕಂಡವರ ತೋಳಿಗೆ ಸೂಜಿ ಚುಚ್ಚುವ ಹೆಂಗಸು ಭೂತಕ್ಕೆ ಹೆದರುತ್ತಾಳೆಯೇ? ಇಷ್ಟು ವರ್ಷ ಸಂಸಾರ ಮಾಡಿಯೂ ಆ ಗಂಡಸಿಗೆ ಅಷ್ಟು ಬುದ್ಧಿ ಇರಲಿಲ್ಲ.

ಅವಳು ಸೌಟು ಕೆಳಗಿಟ್ಟಳು. ಒಲೆ ಆರಿಸಿದಳು.

"ಯಾವ ಅಂಗಿ ಹಾಕಿದ್ದ?"

"ಆ... ಅದೇ, ನೀಲಿದು."

"ಕಾಲರ್ ಹರಿದಿತ್ತಲ್ಲ, ಅದಾ?"

"ಹೂಂ. ಅದೇ."

"ಹೊಲಿದುಕೊಡಿ, ಹೊಲಿದುಕೊಡಿ ಅಂತ ನಿಮಗೆ ಎಷ್ಟು ಸಲ ಬಡ್ಕೊಂಡೆ," ಎಂದವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಊರೋರ ಬಟ್ಟೆಯೆಲ್ಲ ಹೊಲಿತೀರಿ. ಈಗ ನೋಡಿ, ಅಲ್ಲೂ ಹರಕು ಕಾಲರಲ್ಲೇ ನಿಂತಿದಾನೆ."

ಸುಳ್ಳು ಕಣೇ ಎಂದು ದರ್ಜಿ ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅವನ ಪಾಡು. ಪ್ರತಿ ಭಾನುವಾರ ಬೆಳಗಾದರೆ ಅವಳು ಸ್ನಾನ ಮಾಡಿ, ತಲೆ ಬಾಚಿ, ಯಾರನ್ನೋ ಕಾಣಲು ಹೊರಟವಳ ಹಾಗೆ ಲಾರಿಯಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದಳು. ಅಲ್ಲಿಂದ ಕನ್ನಡಿ ಅವಳಿಗೆ ಕಾಣುತ್ತಿರಲಿಲ್ಲ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಲಾರಿಯನ್ನು ಷೆಡ್ಡಿನಿಂದ ಹೊರಕ್ಕೆ ತಂದು, ಮತ್ತೆ ನಿಧಾನವಾಗಿ ಒಳಕ್ಕೆ ಹಿಮ್ಮೆಟ್ಟಿಸಬೇಕು.

"ಬಂದನಾ?"

"ಬಂದ."

"ತೆಳ್ಳಗಾಗಿದಾನಾ?"

"ಇಲ್ಲ ಇಲ್ಲ. ಸ್ವಲ್ಪ ಮೈ ಬಂದಿದೆ."

"ಸದ್ಯ. ಹಾಗಾದ್ರೆ ಅಲ್ಲಿ ಊಟ ಸರಿಯಾಗಿ ಹಾಕ್ತಾರೆ ಅಂತಾಯ್ತು."

ಇದಕ್ಕೆ ನಗುವುದೋ ಅಳುವುದೋ? ದರ್ಜಿ ಕನ್ನಡಿ ನೋಡುತ್ತಿದ್ದ. ಅದರಲ್ಲಿ ಷೆಡ್ಡಿನ ಗೋಡೆ, ಒಂದು ಡ್ರಮ್ಮು, ಬಿಸಿಲಿನ ಒಂದು ಪಟ್ಟಿ, ಅಷ್ಟೇ. ಮೊದಮೊದಲು ಬಾಯಿಗೆ ಬಂದದ್ದು ಹೇಳಿದ. ಬರಬರುತ್ತಾ ಹೇಳುವುದಕ್ಕೆ ಮುಂಚೆ ಹುಡುಕತೊಡಗಿದ. ಅವನು ಹೇಗೆ ನಿಲ್ಲುತ್ತಿದ್ದ, ಯಾವ ಕಾಲಿನ ಮೇಲೆ ಭಾರ ಹಾಕುತ್ತಿದ್ದ, ಬೆರಳ ಸಂದಿಯ ಬಣ್ಣವನ್ನು ಹೇಗೆ ಕೆರೆಯುತ್ತಿದ್ದ ಎಂದು ನೆನಪು ಕೆದಕುತ್ತಿದ್ದ. ಜನ ಕನ್ನಡಿಯಲ್ಲಿ ಯಾರಾದರೂ ಕಂಡರೆ ಹೆದರುತ್ತಾರೆ. ಇವನಿಗೆ ಯಾರೂ ಕಾಣದ ಆ ಖಾಲಿ ಕನ್ನಡಿಯ ಹೆದರಿಕೆ ಹಿಡಿಯಿತು. ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೂ ಹಿಂದೆ ಖಾಲಿ ಜಾಗವೊಂದು ತನ್ನನ್ನೇ ನೋಡುತ್ತಿದೆ ಎನಿಸಿ ತಿರುಗುತ್ತಿದ್ದ.

ಒಂದು ದಿನ ಅವಳು ಬಾಂಬು ಹಾಕಿದಳು. "ನನಗೆ ಓಡಿಸೋದು ಕಲಿಸಿ."

"ಇದನ್ನಾ? ಕ್ಲಚ್ಚು ತುಳಿಯೋಕೆ ಎರಡು ಆಳು ಬೇಕು ಕಣೇ."

"ತುಳೀತೀನಿ. ನೀವು ಹೇಳೋದನ್ನ ಕೇಳಿ ಕೇಳಿ ಸಾಕಾಗಿದೆ. ನನ್ನ ತಮ್ಮನ್ನ ನಾನೇ ನೋಡ್ಬೇಕು."

ಕಲಿಯದೆ ಬಿಡುತ್ತಾಳೆಯೇ? ಕಲಿಸಿದ. ಹಠಕ್ಕೆ ಬಿದ್ದ ಹೆಂಗಸು, ಕ್ಲಚ್ಚಿನ ಮೇಲೆ ಎದ್ದೇ ನಿಂತು ಲಾರಿಯನ್ನು ಖಾಲಿ ರಸ್ತೆಯಲ್ಲಿ ಉದ್ದಕ್ಕೂ ಓಡಿಸಿದಳು. ಆದರೆ ರಿವರ್ಸ್ ಮಾತ್ರ ಅವನು ಕೊಡಲಿಲ್ಲ. ಗೇರು ಸರಿಯಿಲ್ಲ, ಮುಂದಿನ ವಾರ, ನೋಡೋಣ ಎಂದು ದಿನ ದೂಡಿದ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ನೋಡಿದರೆ ಡ್ರಮ್ಮು ಕಾಣುತ್ತದೆ, ತಮ್ಮ ಕಾಣುವುದಿಲ್ಲ. ಆಗ ಅವನು ಎರಡನೇ ಸಲ ಸಾಯುತ್ತಾನೆ, ಆ ಸಾವಿಗೆ ಕಾರಣ ತಾನು. ಉಳಿದದ್ದು ಒಂದೇ ದಾರಿ: ಅವಳ ಕೈಗೆ ರಿವರ್ಸ್ ಸಿಗುವ ಮೊದಲು ಲಾರಿ ಕೈಬಿಡಬೇಕು. ಲಾರಿ ಕೊಳ್ಳುತ್ತೀರಾ ಎಂದು ಗುಟ್ಟಾಗಿ ಬೋಲ್ಟಪ್ಪನಿಗೆ ಹೇಳಿ ಕಳಿಸಿದ. ಪ್ರದರ್ಶನದ ದಿನವೇ ಮಾತು ಮುಗಿಸೋಣ ಎಂದು ಅವನೂ ಒಪ್ಪಿದ.

ಪ್ರದರ್ಶನದ ಬೆಳಿಗ್ಗೆ ಬಯಲಲ್ಲಿ ಧೂಳೋ ಧೂಳು. ಅವರ ಲಾರಿಗೆ ಗೊತ್ತುಮಾಡಿದ್ದ ಜಾಗ ಒಂದು ಆಂಬುಲೆನ್ಸಿಗೂ ಒಂದು ಫಿರಂಗಿಗೂ ನಡುವೆ. ಹಿಮ್ಮೆಟ್ಟಿಸಿಯೇ ನಿಲ್ಲಿಸಬೇಕು. ದರ್ಜಿ ಲಾರಿಯನ್ನು ನೇರಕ್ಕೆ ತಂದು, ಎಂಜಿನ್ ಆರಿಸದೆ, ಹೆಂಡತಿಯನ್ನು ಪಕ್ಕದ ಸೀಟಿನಲ್ಲೇ ಬಿಟ್ಟು, ಜಾಗ ನೋಡಿಬರಲು ಇಳಿದ. ಹಿಂದಕ್ಕೆ ಹೋಗಿ ನೋಡುವಷ್ಟರಲ್ಲಿ ಬೋಲ್ಟಪ್ಪ ಬಂದು ತೋಳು ಹಿಡಿದ.

"ಬನ್ನಿ ದರ್ಜಿಗಳೇ, ಈ ಕಡೆ ಬನ್ನಿ. ಮೊದಲು ಒಂದು ಮಾತು. ಮುಂದಿನ ಆಕ್ಸಲ್ಲಿನ ಬೋಲ್ಟು ಬದಲಾಗಿದೆ, ನನ್ನಿಂದ ಮುಚ್ಚಿಡಬೇಡಿ," ಎಂದು ಆಂಬುಲೆನ್ಸಿನ ಮರೆಗೆ ಎಳೆದುಕೊಂಡು ಹೋದ.

ಆಗ ರಿವರ್ಸ್ ಗೇರಿನ ಆ ಗುಂಯ್ ಎನ್ನುವ ಸದ್ದು ಬಂತು. ದರ್ಜಿ ಮರೆಯಿಂದ ಹೊರಬಂದು ನೋಡಿದರೆ ಡ್ರೈವರ್ ಸೀಟಿನಲ್ಲಿ ಅವಳು! ಲಾರಿ ಹಿಂದಕ್ಕೆ ಬರುತ್ತಿದೆ. ಹಿಂದೆ ಒಬ್ಬೇ ಒಬ್ಬ ಇಲ್ಲ.

"ನಿಲ್ಸೇ! ಏಯ್, ನಿಲ್ಸೇ!" ಎಂದು ಓಡಿದ.

ಅವಳಿಗೆ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ರಿವರ್ಸ್ ಹಾಕದವಳು, ಅವಸರವಿಲ್ಲದೆ ಆ ಬೆಟ್ಟದಂಥ ಲಾರಿಯನ್ನು ತರುತ್ತಿದ್ದಳು. ಫಿರಂಗಿಯ ಮೂತಿಗೆ ತಾಗಿತು ಎನ್ನುವಾಗ ಚಕ್ರ ಅತ್ತ ತಿರುಗಿತು. ಆಂಬುಲೆನ್ಸು ಹತ್ತಿರವಾದಾಗ ಇತ್ತ ಬಂತು. ನೆಟ್ಟಗಾಯಿತು. ಇನ್ನೊಂಚೂರು ಬಂತು. ಯಾರೋ ಸಾಕು ಎಂದಂತೆ ನಿಂತಿತು. ದರ್ಜಿ ಎಂದೂ ಅಷ್ಟು ಸೊಗಸಾಗಿ ನಿಲ್ಲಿಸಿದವನಲ್ಲ. ಹಿಂದೆ ಪೇಂಟರ್ ಇದ್ದಾಗ ಮಾತ್ರ ನಿಲ್ಲಿಸಿದ್ದ.

ಮೆಟ್ಟಿಲು ಹತ್ತಿ ಬಾಗಿಲಿಗೆ ಜೋತುಬಿದ್ದ. ಅವಳ ಎರಡೂ ಕೈ ಇನ್ನೂ ಸ್ಟಿಯರಿಂಗಿನ ಮೇಲಿದ್ದವು. ಕಣ್ಣೀರಿನಿಂದ ಮುಖ ತೊಳೆದಂತಾಗಿತ್ತು.

"ನೀವು ಹೇಳಿದ್ದೆಲ್ಲ ತಪ್ಪು ರೀ," ಎಂದಳು.

ಮುಗಿಯಿತು ಎಂದುಕೊಂಡ ದರ್ಜಿ.

"ಮೈ ಎಲ್ಲಿ ಬಂದಿದೆ? ಇಳಿದುಹೋಗಿದಾನೆ. ಗಡ್ಡ ಬಿಟ್ಟಿದಾನೆ. ನೀವು ಗಡ್ಡದ ವಿಷಯ ಹೇಳ್ಲೇ ಇಲ್ಲ." ಅವಳು ನಗುತ್ತಿದ್ದಳು, ಕಣ್ಣಿಂದ ನೀರೂ ಹರಿಯುತ್ತಿತ್ತು. "ಎಷ್ಟು ನಿಧಾನಕ್ಕೆ ಕರ್ಕೊಂಡ ಗೊತ್ತಾ ನನ್ನ? ಒಂದು ಸಲವೂ ಗದರಲಿಲ್ಲ. ಗಾಡಿ ನಿಂತ ಮೇಲೆ ನನ್ನೇ ನೋಡಿದ. ಆಮೇಲೆ ಬೆನ್ನು ಹಾಕಿ ಹೊರಟುಹೋದ. ತಿರುಗಿ ನೋಡ್ಲಿಲ್ಲ."

ದರ್ಜಿ ಹಿಂದಕ್ಕೆ ತಿರುಗಿ ನೋಡಿದ. ಬಯಲು, ಧೂಳು, ದೂರದಲ್ಲಿ ಜನ.

"ಮಾರ್ಬಿಡಿ ಇದನ್ನ," ಎಂದಳು, ಕಣ್ಣೊರೆಸಿಕೊಂಡು. "ನಿಮಗೆ ಇದು ಬೇಡ ಅಂತ ನನಗೇನು ಗೊತ್ತಿಲ್ವಾ? ನಾನೇ ಹಟ ಹಿಡಿದಿದ್ದೆ. ನೋಡಿದ್ದಾಯ್ತು. ನನಗಿಷ್ಟು ಸಾಕು."

ಬೋಲ್ಟಪ್ಪ ಏದುಸಿರು ಬಿಡುತ್ತಾ ಬಂದ. "ಏನಂತೀರಿ, ಮಾತು ಮುಗಿಸೋಣ್ವಾ?"

ಬೇಕೆಂದದ್ದು ಕೈಗೆ ಬಂದಿತ್ತು. ಹೂಂ ಎಂದಿದ್ದರೆ ಸಾಕು. "ಮಾರಲ್ಲ," ಎಂದ ದರ್ಜಿ. ಬೋಲ್ಟಪ್ಪ ಗೊಣಗಿದ, ಕೊಸರಾಡಿದ, ಮೂಗು ಮುರಿದು ಹೋದ. ಹೆಂಡತಿ ಏನೆಂದು ಕೇಳಿದರೆ ದರ್ಜಿ ಹೋಗಿ ಚಕ್ರದ ಪಕ್ಕದಲ್ಲಿ ಕೂತ. ಜನ ಬಂದು ಲಾರಿಯ ಬಾನೆಟ್ಟು ಸವರಿದರು, ಮಕ್ಕಳನ್ನು ಹತ್ತಿಸಿ ಫೋಟೋ ತೆಗೆದರು. ಅವನು ಇಡೀ ದಿನ ಅಲ್ಲೇ ಕೂತಿದ್ದ.

ಸಂಜೆ ಗಾಡಿಗಳೆಲ್ಲ ಒಂದೊಂದಾಗಿ ಹೊರಟವು. ಬಯಲು ಖಾಲಿಯಾಯಿತು. ದರ್ಜಿ ಲಾರಿಯನ್ನು ಬಯಲಿನ ನಡುವಿಗೆ ತಂದು ನಿಲ್ಲಿಸಿದ.

"ಯಾಕೆ ನಿಂತ್ರಿ?"

"ನಾನು ನೋಡಿಲ್ಲ ಕಣೇ," ಎಂದ. ದನಿ ನಡುಗಿತು, ಈ ಸಲ ತಾನಾಗಿಯೇ. "ಒಂದೇ ಒಂದು ಸಲವೂ ನೋಡಿಲ್ಲ. ಗಾಡಿ ಮಾರೋಕೆ ಅಂತ ಕಟ್ಟಿದ ಕಥೆ. ಅಂಗಿ, ಮೈ ಬಂದಿದ್ದು, ಎಲ್ಲಾ ಸುಳ್ಳು."

ಎಂಜಿನ್ ಗುಡುಗುಡು ಎನ್ನುತ್ತಿತ್ತು.

"ಅವನಿಲ್ಲದೆ ನನಗಿದು ಬೇಡ ಅನ್ನಿಸ್ತು. ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ನೀನಾದ್ರೂ ಅಕ್ಕ, ಅತ್ಕೊಂಡೆ. ನಾನು ಯಾರ ಮುಂದೆ ಅಳಲಿ? ಭಾವಮೈದುನನಿಗೆ ಅಳೋ ಗಂಡಸನ್ನ ಕಂಡಿದೀಯಾ?" ಸ್ಟಿಯರಿಂಗಿಗೆ ಹಣೆ ಒತ್ತಿ ಮಗುವಿನ ಹಾಗೆ ಬಿಕ್ಕಿದ. "ನಿನಗೆ ಕಂಡ. ನನಗೂ ನೋಡ್ಬೇಕು ಕಣೇ."

ಬೈಯುತ್ತಾಳೆ ಎಂದುಕೊಂಡ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಾಗಿಲು ತೆಗೆದು ಇಳಿದಳು. ಲಾರಿಯ ಮುಂದಕ್ಕೆ, ಕನ್ನಡಿಗೆ ತಾನು ಸಿಗದಷ್ಟು ದೂರಕ್ಕೆ ನಡೆದು ನಿಂತಳು.

"ತಗೊಳ್ಳಿ ಹಿಂದಕ್ಕೆ," ಎಂದು ಕೂಗಿದಳು.

ದರ್ಜಿ ರಿವರ್ಸ್ ಹಾಕಿದ. ಕನ್ನಡಿಯಲ್ಲಿ ಬಯಲು, ಚಕ್ರದ ಗುರುತುಗಳು, ಇಳಿಬಿಸಿಲು. ಯಾರೂ ಇಲ್ಲ. ಯಾರೂ ಇಲ್ಲದಿದ್ದರೆ ನಿಲ್ಲಿಸಬೇಕು. ಅವನು ನಿಲ್ಲಿಸಲಿಲ್ಲ. "ಬಾರೋ," ಎಂದ ಕನ್ನಡಿಗೆ. "ಅಕ್ಕನಿಗೆ ಮಾತ್ರನೇನೋ? ಬಾರೋ ಮಾರಾಯ, ಒಂದು ಸಲ ಕೈ ತೋರಿಸೋ." ಲಾರಿ ಹಿಂದೆ ಹಿಂದೆ ಹೋಗುತ್ತಲೇ ಇತ್ತು, ಅವನು ರೆಪ್ಪೆ ಮಿಟುಕಿಸಲಿಲ್ಲ.

"ಬೇಲಿ! ಬೇಲಿ ರೀ!" ಎಂದು ಅವಳು ಕಿರುಚುತ್ತಾ ಓಡಿಬಂದಾಗ ಬ್ರೇಕು ಒತ್ತಿದ. ಲಾರಿ ಹಿಂಬದಿಯಿಂದ ಮುಂದಿನವರೆಗೂ ಒಮ್ಮೆ ನಡುಗಿ ನಿಂತಿತು. ಅವಳು ಮೆಟ್ಟಿಲು ಹಿಡಿದು ಉಸಿರು ಎಳೆದುಕೊಂಡಳು.

"ಕಂಡನಾ?"

"ಇಲ್ಲ."

ಅವಳು ಕೈ ಚಾಚಿ ಅವನ ಮುಖದ ಧೂಳನ್ನೂ ನೀರನ್ನೂ ಸೆರಗಿನಿಂದ ಒರೆಸಿದಳು.

"ಮುಂದಿನ ವರ್ಷ ಬರೋಣ ಬಿಡಿ," ಎಂದಳು.