ನಾವೆಲ್ಲಿದ್ದೇವೆಂದು ರೇಡಿಯೊಗೂ ಗೊತ್ತಿರಲಿ

ನಮ್ಮ ಮೀನಿನ ದೋಣಿಯಲ್ಲಿ ದುಡಿಯುವವರು ಇಬ್ಬರೇ, ನಾನು ಮತ್ತು ನಮ್ಮ ಯಜಮಾನರು. ಈಚೆಗೆ ಇವರು ಹೊಸ ರೇಡಿಯೊ ತಂದರು. ಅಪಾಯದಲ್ಲಿ ಅದರ ಕೆಂಪು ಗುಂಡಿ ಒತ್ತಿ ಹಿಡಿದರೆ ಸುತ್ತಲಿನ ಹಡಗುಗಳಿಗೂ ದಡಕ್ಕೂ ಸುದ್ದಿ ಮುಟ್ಟುತ್ತದೆ. ರೇಡಿಯೊಗೆ ಗೊತ್ತಿದ್ದರೆ ನಾವಿರುವ ಜಾಗವೂ ಆ ಸುದ್ದಿಯ ಜೊತೆಗೇ ಹೋಗುತ್ತದೆ. ಪಕ್ಕದಲ್ಲೇ ನಾವಿರುವ ಜಾಗ ತೋರಿಸುವ ಜಿಪಿಎಸ್ ಇತ್ತು. ಆದರೂ ರೇಡಿಯೊದ ಪರದೆಯಲ್ಲಿ ಜಾಗದ ಅಂಕಿ ಬರುತ್ತಿರಲಿಲ್ಲ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಎರಡೂ ಒಂದೇ ಹಲಗೆಯ ಮೇಲೆ ಕೂತಿದ್ದವು.

ವೈರ್ ಜೋಡಿಸಿದ್ದು ಇವರೇ. ಇನ್ನೊಬ್ಬರನ್ನು ಕರೆದರೆ ಮರ್ಯಾದೆ ಹೋಗುತ್ತದಂತೆ. ಕೊನೆಗೆ ಬಂದರಿನ ಎಲೆಕ್ಟ್ರಿಷಿಯನ್ನನ್ನು, ಎಲ್ಲರೂ ವೈರಕ್ಕ ಎಂದು ಕರೆಯುವವಳನ್ನು, ನಾನೇ ಕರೆತಂದೆ. ಅವಳ ಕೈಗೆ ಅವಸರವಿಲ್ಲ, ಬಾಯಿಗೆ ಬಿಡುವಿಲ್ಲ.

"ಯಾವುದಕ್ಕೆ ಯಾವುದು ಸೇರಿಸಿದ್ರಿ ಭಾವ?"

"ಹಳದಿಗೆ ಹಳದಿ, ಹಸಿರಿಗೆ ಹಸಿರು. ನಮ್ಮನೆ ವೈರಿಂಗೂ ನಾನೇ ಮಾಡಿದ್ದು, ಗೊತ್ತಲ್ಲ."

"ಗೊತ್ತು. ಫ್ಯಾನ್ ಸ್ವಿಚ್ ಹಾಕಿದ್ರೆ ದೀಪ ಹತ್ತುತ್ತೆ."

ನಾನು ನಕ್ಕೆ, ಇವರು ನಗಲಿಲ್ಲ.

"ಇಲ್ಲಿ ಬಣ್ಣ ನಂಬಬಾರ್ದು ಭಾವ. ಒಂದೊಂದು ಕಂಪನಿದು ಒಂದೊಂದು ಬಣ್ಣ. ಜಿಪಿಎಸ್ಸಿನ ಮಾತಾಡೋ ವೈರು ರೇಡಿಯೊದ ಕೇಳೋ ವೈರಿಗೆ ಹೋಗ್ಬೇಕು. ನೀವು ಮಾತಾಡೋ ಎರಡನ್ನೂ ಒಟ್ಟಿಗೆ ಕಟ್ಟಿದೀರ. ಕೇಳೋರೇ ಇಲ್ಲ."

"ಅಷ್ಟೆಲ್ಲ ಯಾಕಮ್ಮ? ನನಗೆ ಬಾಯಿಲ್ವಾ? ಜಿಪಿಎಸ್ ನೋಡ್ಕೊಂಡು ಮೈಕಲ್ಲಿ ನಾನೇ ಹೇಳ್ತೀನಿ."

ವೈರಕ್ಕ ಇಕ್ಕಳ ಕೆಳಗಿಟ್ಟಳು. "ನೀರಿಗೆ ಬಿದ್ದೋರು ನೀವೇ ಆದ್ರೆ? ಅಕ್ಕಂಗೆ ಆ ಅಂಕಿ ಓದೋಕೆ ಬರುತ್ತಾ?"

ನನಗೆ ಬರುವುದಿಲ್ಲ. ಬಂದರೂ ಆ ಹೊತ್ತಿನಲ್ಲಿ ಕೈಕಾಲು ಆಡುವುದಿಲ್ಲ. ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಾವೇ ಹೋಗಿ ಬ್ಯಾಟರಿಯ ಸ್ವಿಚ್ ಆರಿಸಿದರು. "ಬಿಚ್ಚಿ ಸರಿ ಮಾಡಮ್ಮ. ನೋಡಿ ಕಲ್ತ್ಕೋತೀನಿ."

ಅವಳ ಕೆಲಸ ನೋಡಲು ಎರಡು ಕಣ್ಣು ಸಾಲದು. ಎರಡು ಯಂತ್ರಗಳ ಪುಸ್ತಕವನ್ನೂ ತೆರೆದಿಟ್ಟು ಒಂದೊಂದು ವೈರಿಗೂ ಚೀಟಿ ಅಂಟಿಸಿದಳು. ಇವರು ಸುತ್ತಿದ್ದ ಟೇಪಿನೊಳಗೆ ಉಪ್ಪುನೀರು ಹೋಗಿ ಹಸಿರುಗಟ್ಟಿದ್ದ ತುದಿ ಕತ್ತರಿಸಿದಳು. ಹೊಸ ಜೋಡಣೆಯ ಮೇಲೆ ಬಿಸಿ ತಾಗಿದರೆ ಬಿಗಿಯುವ ಕೊಳವೆ ಹಾಕಿದಳು. ಎರಡು ಯಂತ್ರಗಳೂ ಒಂದೇ ವೇಗದಲ್ಲಿ ಮಾತಾಡುವಂತೆ ಹೊಂದಿಸಿದಳು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ರೇಡಿಯೊದಲ್ಲಿ ಅಂಕಿ ಬಂತು. ಅವಳು ಅದನ್ನು ಜಿಪಿಎಸ್ಸಿನ ಅಂಕಿಯ ಜೊತೆ ತಾಳೆ ನೋಡಿಯೇ ತನ್ನ ಸಲಕರಣೆ ಪೆಟ್ಟಿಗೆ ಮುಚ್ಚಿದ್ದು. ಅಂಥ ಕೈಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಂದೇ ಇವರು ನನ್ನನ್ನು ರೇಡಿಯೊ ಮುಂದೆ ಕೂರಿಸಿಕೊಂಡು, ಗುಂಡಿಯ ಮುಚ್ಚಳ ಎತ್ತುವುದನ್ನು ಮೂರು ಸಲ ಮಾಡಿಸಿದರು. ಒತ್ತಲು ಮಾತ್ರ ಬಿಡಲಿಲ್ಲ.

ದೋಣಿಯವರೇ, ನಾಳೆ ಹೊರಡುವ ಮುಂಚೆ ನಿಮ್ಮ ರೇಡಿಯೊದ ಪರದೆ ನೋಡಿ. ಜಾಗದ ಅಂಕಿ ಕಾಣದಿದ್ದರೆ ಬಣ್ಣ ನೋಡಿ ವೈರ್ ಸೇರಿಸಬೇಡಿ. ಪುಸ್ತಕ ನೋಡಿ, ಬಲ್ಲವರನ್ನು ಕರೆಯಿರಿ. ಪರೀಕ್ಷೆಗೆಂದು ಕೆಂಪು ಗುಂಡಿ ಒತ್ತಬೇಡಿ. ನಿಜವಾಗಿ ಒತ್ತಬೇಕಾದ ದಿನ ನೀವು ನೀರಿನಲ್ಲಿರಬಹುದು, ಒತ್ತುವವಳು ನಿಮ್ಮ ಹೆಂಡತಿಯಾಗಿರಬಹುದು. ನೀವೆಲ್ಲಿದ್ದೀರಿ ಎಂಬುದನ್ನು ಅವಳ ಪರವಾಗಿ ರೇಡಿಯೊ ಹೇಳಲಿ.