ಪರದೆಗೆ ಬಣ್ಣ ತುಂಬುವ ಮೊದಲು

ನೀಲಿ, ಮತ್ತೆ ಅದೇ ನೀಲಿ, ಗುಂಡಿ ಒತ್ತಿ ರೆಪ್ಪೆ ಬಡಿಯುವಷ್ಟರಲ್ಲಿ ಆಟದ ಇಡೀ ಕೋಣೆ ಎದುರಿಗೆ ನಿಂತುಬಿಡುತ್ತದೆ, ಮಂಚ, ದೀಪ, ಬಂದರಿನ ಕಡೆಯ ಕಿಟಕಿ, ಕಿಟಕಿಗೆ ನೀಲಿ ಪರದೆ, ಎಲ್ಲ ಒಂದೇ ಏಟಿಗೆ, ಯಾರೋ ಮೊದಲೇ ಒಳಗೆ ಹೋಗಿ ಇಟ್ಟದ್ದನ್ನೆಲ್ಲ ಸರಿಮಾಡಿ ಈಗ ಬನ್ನಿ ಎಂದು ಬಾಗಿಲು ತೆರೆದ ಹಾಗೆ — ಹಿಂದೆ ಇದು ಹೀಗಿರಲಿಲ್ಲ, ಆ ಕಾಲದ ಕಂಪ್ಯೂಟರಿಗೆ ಅಷ್ಟು ತಾಕತ್ತಿರಲಿಲ್ಲ, ಗೆರೆಗಳು ಒಂದೊಂದಾಗಿ ಬರುತ್ತಿದ್ದವು, ಮೊದಲು ಗೋಡೆ, ಆಮೇಲೆ ಮಂಚದ ಕಾಲು, ಆಮೇಲೆ ಕಿಟಕಿ, ಕಿಟಕಿಯೊಳಗೆ ಹಳದಿ ಗೆರೆಗಳಲ್ಲಿ ಒಂದು ಹೆಣ್ಣಿನ ಮುಖ, ಹೌದು, ಮುಖ, ಅದು ಪೂರ್ತಿಯಾಯಿತು ಅನ್ನುವುದರೊಳಗೆ ಅದರ ಸುತ್ತ ಪರದೆಯ ಅಂಚು, ಅಂಚಿನೊಳಗೆ ಕೆಳಗಿನಿಂದ ಏರುವ ನೀಲಿ, ಕುತ್ತಿಗೆ ಮುಳುಗಿತು, ಗಲ್ಲ ಮುಳುಗಿತು, ಹಣೆ ಮುಳುಗಿತು, ಇನ್ನು ಬರೀ ಪರದೆ. ಆಗ ಆಡುತ್ತಿದ್ದವರಿಗೆಲ್ಲ ಈ ಗುಟ್ಟು ಗೊತ್ತಿತ್ತು, ಚಿತ್ರ ಮುಗಿದ ಮೇಲೆ ನೋಡಬಾರದು, ಮೂಡುವಾಗಲೇ ನೋಡಬೇಕು, ಕಪಾಟಿನ ಹಿಂದೆ ಏನಿದೆ, ಚಾಪೆಯ ಅಡಿಯಲ್ಲಿ ಏನಿದೆ, ಮುಚ್ಚುವ ಮೊದಲು ಕಂಡುಬಿಡುತ್ತದೆ, ಅದಕ್ಕೇ ಚಿತ್ರ ಬಿಡಿಸುವವರೂ ಹುಷಾರಾಗಿರುತ್ತಿದ್ದರು, ಬೇಡದ್ದನ್ನು ಅಡಿಯಲ್ಲಿ ಇಡುತ್ತಿರಲಿಲ್ಲ. ನೊಬುಹಿಕೊ ಇಟ್ಟ. ನನ್ನ ಗಂಡ, ಈ ಆಟದ ಅಷ್ಟೂ ಚಿತ್ರ ಅವನವೇ, ಕಥೆಗೆ ಆ ಹೆಂಗಸು ಬೇಕಾಗಿಯೇ ಇರಲಿಲ್ಲ, ಅವಳ ಹೆಸರು ಆಟದಲ್ಲಿ ಎಲ್ಲೂ ಬರುವುದಿಲ್ಲ, ಆದರೂ ಅಲ್ಲಿ ನಿಲ್ಲಿಸಿದ, ಯಾರು ಅದು ಅಂದೆ, ಯಾರೂ ಅಲ್ಲ ಮಾರಾಯ್ತಿ, ಕೋಣೆ ಅಂದ್ಮೇಲೆ ಯಾರಾದ್ರೂ ಇರ್ಬೇಕಲ್ಲ, ಅಂದು ನಕ್ಕ, ಆ ನಗುವನ್ನು ನಾನು ಅವನು ಹೋಗುವವರೆಗೂ ತೂಗಿ ನೋಡಿದೆ, ಹೋದ ಮೇಲೂ.

ಅಕ್ಕಾ, ಇನ್ನೂ ಅದೇ ಕಿಟಕಿನಾ, ಅನ್ನುತ್ತಾಳೆ ಚಿಯೊ, ನನ್ನ ತಂಗಿ, ಒಲೆಯ ಹತ್ತಿರ ಕಾಲು ಚಾಚಿ ಒಣಗಿದ ಸ್ಕ್ವಿಡ್ ಸೀಳಿ ಸೀಳಿ ಬಾಯಿಗೆ ಹಾಕಿಕೊಳ್ಳುತ್ತ, ಸತ್ತವನ ಮೇಲೂ ಪತ್ತೇದಾರಿಕೆ ಮಾಡ್ತೀಯಲ್ಲ, ಪೊಲೀಸಿನೋರು ನಿನ್ನ ಕೆಲಸಕ್ಕೆ ಸೇರಿಸ್ಕೊಳ್ದೆ ತಪ್ಪು ಮಾಡಿದ್ರು ನೋಡು. ನಗಲಿ. ಆಟವಿದ್ದ ಹಳೆಯ ಫ್ಲಾಪಿಗಳಿಗೆ ಬೂಷ್ಟು ಹಿಡಿದು ಹೋಯಿತು, ಆ ಕಂಪ್ಯೂಟರನ್ನು ಅವನೇ ಯಾರಿಗೋ ಕೊಟ್ಟುಬಿಟ್ಟ, ನನ್ನನ್ನು ಕೇಳದೆ, ಯಾಕೆ ಕೇಳಲಿಲ್ಲ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೆಲ್ಲ ಆಮೇಲಿನ ಯಂತ್ರಗಳ ಚಿತ್ರಗಳು, ಇಡಿಯಾಗಿ ಬೀಳುವಂಥವು, ಹಾಗಿರುವಾಗ ಈ ಸಂಪುಟ ಬರುತ್ತದೆ ಅಂತ ಕೇಳಿದೆ, ಸಪ್ಪೊರೊದ ಹಳೆಯ ಸಾಹಸದ ಆಟಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ, ಅಂದಿನ ರೂಪದಲ್ಲೇ, ಎಲ್ಲಿ ಬೇಕಾದರೂ ತಡೆದು ನಿಲ್ಲಿಸಬಹುದು ಎಂದು ಜಾಹೀರಾತು, ನಿಲ್ಲಿಸಬಹುದು, ನನಗೆ ಬೇಕಾದದ್ದು ಅದೊಂದೇ, ಆ ಮುಖದ ಮೇಲೆ ನಿಲ್ಲಿಸಬೇಕು, ಅದು ರಿತ್ಸುಕೊ ಹೌದೋ ಅಲ್ಲವೋ ನೋಡಬೇಕು. ಬಂತು, ಪೆಟ್ಟಿಗೆ ಬಿಚ್ಚಿದರೆ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ, ಮೇಲ್ವಿಚಾರಣೆ ರಿತ್ಸುಕೊ. ಆಟಕ್ಕೆ ಸಂಗೀತ ಮಾಡಿದವಳು, ನೊಬುಹಿಕೊ ಕೂತ ಮೇಜಿನ ಎದುರು ಮೇಜು, ಚಳಿಗಾಲದಲ್ಲಿ ಅವನ ಕೈಗವಸು ಅವಳ ಕೈಯಲ್ಲಿ ಕಂಡಿತ್ತು ಒಮ್ಮೆ, ಕಂಡದ್ದು ನಾನು, ಬೇರೆ ಯಾರಿಗೂ ಅದು ವಿಷಯವೇ ಆಗಿರಲಿಲ್ಲ. ಅವಳ ಮೇಲ್ವಿಚಾರಣೆಯಲ್ಲಿ ಗೆರೆಗಳೆಲ್ಲ ಮಾಯ, ಮುಖ ಮಾಯ, ಇದನ್ನು ನಾನು ತಾಂತ್ರಿಕ ದೋಷ ಅಂತ ನಂಬಬೇಕು. ಫೋನು ಮಾಡಿದೆ, ಚಿತ್ರಗಳು ಮೂಡೋದೇ ಇಲ್ವಲ್ಲ ರಿತ್ಸುಕೊ, ಸೀದಾ ಬಂದುಬಿಡುತ್ತೆ, ಅಂದೆ, ಅಷ್ಟೇ ಅಂದದ್ದು, ಅವಳು, ಅಯ್ಯೋ ಚಿತ್ರ ಬಿಡು ಫುಮಿ, ನನ್ನ ಸಂಗೀತ ಕೇಳಿದ್ಯಾ, ಬಾಲ ತುಳಿಸಿಕೊಂಡ ಬೆಕ್ಕಿನ ಥರ ಕೂಗುತ್ತೆ, ಮೇಲ್ವಿಚಾರಣೆ ಅಂತ ಹೆಸರು ಹಾಕ್ಕೊಂಡ್ರು, ನನ್ನನ್ನ ಕರೆದಿದ್ದು ಊಟಕ್ಕೆ ಒಂದ್ಸಲ, ಅಷ್ಟೇ. ನಾನು ಚಿತ್ರದ ಮಾತೆತ್ತಿದರೆ ಸಂಗೀತಕ್ಕೆ ಯಾಕೆ ಹಾರಿದಳು, ಅಷ್ಟು ಬೇಗ, ಉಸಿರು ಕೂಡ ತೆಗೆದುಕೊಳ್ಳದೆ. ತಿದ್ದುಪಡಿ ಬರುತ್ತೆ ಕಣೇ, ಗೆರೆ ಹಳೇ ಥರ ನಿಧಾನ ಬರೋ ಹಾಗೆ ಮಾಡಿ ಅಂತ ಜಗಳ ಆಡಿದೀನಿ, ನೊಬುಹಿಕೊ ಅಷ್ಟು ಕಷ್ಟಪಟ್ಟಿದ್ದ ಅದಕ್ಕೆ, ನೀನೇ ನೋಡು ಬಂದಾಗ. ನೀನೇ ನೋಡು. ತಪ್ಪು ಮಾಡಿದವಳು ಹಾಗೆ ಹೇಳುತ್ತಾಳೆಯೇ, ತಪ್ಪನ್ನು ಅಳಿಸಿ ಮುಗಿಸಿದವಳು ಹೇಳುತ್ತಾಳೆ.

ತಿದ್ದುಪಡಿ ಇವತ್ತು ಬಂದಿದೆ, ಹೊರಗೆ ಹಿಮ ಎತ್ತುವ ಲಾರಿ ರಸ್ತೆ ಕೆರೆಯುತ್ತಿದೆ, ಗಾಜು ಸಣ್ಣಗೆ ನಡುಗುತ್ತದೆ, ಗುಂಡಿ ಒತ್ತುತ್ತೇನೆ, ಕೋಣೆ ಬರಲಿಲ್ಲ, ಕಪ್ಪು, ಆಮೇಲೆ ಒಂದು ಗೆರೆ, ದೇವರೇ, ಒಂದೇ ಗೆರೆ, ಗೋಡೆ, ಮಂಚದ ಕಾಲು, ಕಿಟಕಿ, ಈಗ ಹಳದಿ, ಈಗ, ನಿಲ್ಲಿಸುವ ಗುಂಡಿ ಒತ್ತಿದೆ, ನಿಂತಿತು, ನಿಂತಿದ್ದೇ ತಡ ಕಿಟಕಿಯ ಮೇಲೆ ಸರಿಯಾಗಿ ದೊಡ್ಡ ಹಲಗೆಯೊಂದು ಬಂದು ಕೂತಿತು, ಮುಂದುವರಿಸಿ, ಉಳಿಸಿ, ಹೊರಹೋಗಿ, ಮೂರು ಸಾಲು, ಅದರ ಹಿಂದೆ ಮುಖ. ಚಿಯೊ ಕೆಮ್ಮುವಷ್ಟು ನಕ್ಕಳು, ಎಂಥ ಜಾಣರಪ್ಪಾ, ನಿಲ್ಲಿಸಿ ನೋಡು ಅಂದು ನೋಡೋ ಜಾಗಕ್ಕೇ ಬೋರ್ಡ್ ಹೊಡೆದಿದಾರೆ, ಭಾವನೇ ಮೇಲಿಂದ ಹೇಳಿಕೊಟ್ಟಿರ್ಬೇಕು. ತಮಾಷೆಯೋ, ಅಥವಾ ಇವಳಿಗೂ ಏನಾದರೂ ಗೊತ್ತೋ. ಮತ್ತೆ ಮೊದಲಿಂದ, ಈ ಸಲ ನಿಲ್ಲಿಸುವುದಿಲ್ಲ, ಕಣ್ಣಲ್ಲೇ ಹಿಡಿಯುತ್ತೇನೆ, ಗೋಡೆ, ಮಂಚ, ಕಿಟಕಿ, ಮುಖ ಬಂತು, ಹೋಗುತ್ತದೆ ಈಗ, ಪರದೆಯ ಅಂಚು, ಕೆಳಗಿನಿಂದ ನೀಲಿ, ಕುತ್ತಿಗೆಯವರೆಗೆ ಏರಿತು, ಏರಿ — ಇದೇನು, ಅಂಚಿನ ಮೂಲೆಯಲ್ಲಿ ಒಂದು ಚುಕ್ಕಿಯಷ್ಟು ಸಂದು, ಆ ಸಂದಿನಿಂದ ನೀಲಿ ಹೊರಗೆ ಸೋರುತ್ತಿದೆ, ಗೋಡೆಗೆ, ಮಂಚಕ್ಕೆ, ದೀಪಕ್ಕೆ, ಗೆರೆ ಸರಿಯಾಗಿ ಕೂಡದಿದ್ದರೆ ಹೀಗಾಗುತ್ತದೆ, ನೊಬುಹಿಕೊ ರಾತ್ರಿಯೆಲ್ಲ ಶಪಿಸುತ್ತಿದ್ದದ್ದು ಇದಕ್ಕೇ, ಅವನು ಒಂದೊಂದು ಚುಕ್ಕಿ ಹುಡುಕಿ ಮುಚ್ಚಿದ್ದ, ಈ ಹೊಸಬರ ಲೆಕ್ಕದಲ್ಲಿ ಗೆರೆ ಒಂದು ಕೂದಲು ಜರುಗಿದೆ, ಕೋಣೆಯೆಲ್ಲ ನೀಲಿ ತುಂಬಿತು, ತುಂಬಿ, ಸಂಗೀತ ಒಂದೇ ಸ್ವರದಲ್ಲಿ ಗುಂಯ್ ಅಂದು, ಮುಖಕ್ಕೆ ನೀಲಿ ಏರುವ ಮೊದಲೇ ಆಟ ನಿಂತುಹೋಯಿತು. ಯಾವ ಗುಂಡಿಗೂ ಜಗ್ಗುವುದಿಲ್ಲ. ಹಲಗೆಯೂ ಬರಲಿಲ್ಲ. ಕುತ್ತಿಗೆಯ ಮೇಲೆ ಮುಖ ಹಾಗೇ ಉಳಿದಿದೆ, ಹಳದಿ, ಬಯಲಿನಲ್ಲಿ.

ರಿತ್ಸುಕೊಳ ಕಣ್ಣು ಹುಡುಕುತ್ತೇನೆ, ಆ ದೊಡ್ಡ ಕಣ್ಣುಗಳು, ಕಣ್ಣೇ ಇಲ್ಲ, ಮುಖ ಪಕ್ಕಕ್ಕೆ ತಿರುಗಿದೆ, ರೆಪ್ಪೆಯ ಒಂದು ಗೆರೆ, ಮೂಗಿನ ಒಂದು ಗೆರೆ, ಉಳಿದದ್ದೆಲ್ಲ ಕಿವಿ, ಮುಖಕ್ಕೆ ಮೀರಿದ ಕಿವಿ, ಅದನ್ನೇ ಮೊದಲು ಬಿಡಿಸಿದ್ದ, ಎರಡು ಸಲವೂ ಮೊದಲು ಬಂದ ಹಳದಿ ಗೆರೆ ಅದೇ, ಬೇರೆ ಯಾರ ಮುಖವನ್ನಾದರೂ ಕಣ್ಣಿಂದ ಶುರುಮಾಡುತ್ತಿದ್ದ ಅವನು — ಮದುವೆಯಾದ ಹೊಸದರಲ್ಲಿ ಸೀಸದ ಕಡ್ಡಿ ಹಿಡಿದು ಕೂರು ಅಂದಿದ್ದ, ಕೂತಿದ್ದೆ, ಮೆಟ್ಟಿಲ ಮೇಲೆ ಯಾರೋ ಹೆಜ್ಜೆಯಿಟ್ಟ ಹಾಗಾಯಿತು, ಅತ್ತ ತಿರುಗಿದೆ, ನಿನ್ನ ಬರೆಯೋದು ಹೆಂಗೆ ಹೇಳು, ಯಾವಾಗ ನೋಡಿದ್ರೂ ಬಾಗಿಲ ಕಡೆ ತಿರುಗಿರ್ತೀಯ, ನಂಗೆ ಸಿಗೋದು ಒಂದು ಕಿವಿ, ಅಂದಿದ್ದ. ಅಕ್ಕಾ, ಅನ್ನುತ್ತಾಳೆ ಚಿಯೊ, ಈ ಸಲ ನಗುವುದಿಲ್ಲ, ಅದು ನೀನಲ್ವೇನೇ. ಸುಮ್ಮನೆ ಸಮಾಧಾನಕ್ಕೆ ಅನ್ನುತ್ತಾಳೆ, ತಿದ್ದುಪಡಿಯ ಹೆಸರಲ್ಲಿ ರಿತ್ಸುಕೊ ಮುಖವನ್ನೂ ತಿದ್ದಿಸಿರಬಹುದು, ನೀನೇ ನೋಡು ಅಂದಳಲ್ಲ, ಅವಳಿಗೆ ಗೊತ್ತಿತ್ತು ನಾನು — ಆದರೆ ಕಿವಿ, ಕಿವಿಯ ಮಾತು ಅವಳಿಗೆ ಹೇಗೆ ಗೊತ್ತು, ಆ ದಿನ ಕೋಣೆಯಲ್ಲಿ ನಾವಿಬ್ಬರೇ, ಅವನು ಹೇಳಿದ್ದರೆ, ಹೇಳಿರಬಹುದು, ಯಾಕೆ ಹೇಳುತ್ತಾನೆ, ಪರದೆಯ ಹಿಂದೆ ನಿಂತು ಆಲಿಸುವ ಹೆಂಗಸು, ಬಾಗಿಲ ಕಡೆಗೆ, ಸುತ್ತ ನೀಲಿ, ಕಿವಿ, ಹಳದಿ ಗೆರೆಯ ಒಂದು ಕಿವಿ