ಸಂಜೆಗೆ ಮಲಗುವವರ ಫೋಟೋ

ನಮ್ಮ ಬೇಕರಿಯ ಕೌಂಟರಿನ ಹಿಂದೆ, ಗೋಡೆಯ ಒಂದೇ ಒಂದು ಮೊಳೆಗೆ, ಒಂದು ಫೋಟೋ ತೂಗುತ್ತಿತ್ತು. ಹೊಸ ಓವನ್ ಬಂದ ದಿನ ತೆಗೆಸಿದ್ದು. ನಡುವೆ ಮಾವ, ಓವನ್ನಿನ ಬಾಗಿಲ ಮೇಲೆ ಕೈಯಿಟ್ಟು, ಅದನ್ನು ತಾವೇ ಹೆತ್ತ ಹಾಗೆ ನಿಂತಿದ್ದಾರೆ. ಪಕ್ಕದಲ್ಲಿ ಅತ್ತೆ. ಆಚೆ ಭಾವ, ಓರಗಿತ್ತಿ, ಅವಳ ಕಂಕುಳಲ್ಲಿ ಇನ್ನೂ ಕೂಸಾಗಿದ್ದ ಅವರ ಮಗಳು ಚಿಟ್ಟೆ. ಈಚೆ ತುದಿಯಲ್ಲಿ, ಮೀಸೆ ಆಗಷ್ಟೇ ಚಿಗುರುತ್ತಿದ್ದ ನನ್ನ ಗಂಡ. ಮಾವ ಈಗಿಲ್ಲ. ನಾನು ಆಗ ಇರಲಿಲ್ಲ.

ನಾನು ಮದುವೆಯಾಗಿ ಬಂದು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಬ್ರೆಡ್ ಕೊಳ್ಳಲು ಬಂದ ಮೇಷ್ಟ್ರೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಹೊಸದಾಗಿ ಕೆಲಸಕ್ಕೆ ಸೇರ್ಕೊಂಡ್ಯೇನಮ್ಮ? ಒಳ್ಳೇ ಜನ ಇವರು. ಚೆನ್ನಾಗಿ ನೋಡ್ಕೋತಾರೆ."

ನನಗೆ ಮೈಯೆಲ್ಲ ಉರಿಯಿತು. "ನಾನು ಈ ಮನೆ ಸೊಸೆ" ಎಂದೆ. ಅವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು, "ಓಹೋ" ಎಂದು ಹೊರಟುಹೋದರು. ಆ "ಓಹೋ" ನನ್ನ ಕಿವಿಯಲ್ಲೇ ಉಳಿದುಬಿಟ್ಟಿತು. ಹೊಸ ಫೋಟೋ ತೆಗೆಸಲೇಬೇಕು, ಅದರಲ್ಲಿ ನಾನಿರಬೇಕು, ಅದು ಆ ಮೊಳೆಗೇ ಬರಬೇಕು ಎಂದು ಆಗಲೇ ಹಟ ಹಿಡಿದೆ.

ನಿಜ ಹೇಳಬೇಕೆಂದರೆ, ಈ ಮನೆಗೆ ನಾನು ಸೇರಿದವಳೋ ಅಲ್ಲವೋ ಎಂಬ ಅನುಮಾನ ನನ್ನೊಳಗೇ ಇತ್ತು. ಅದಕ್ಕೆ ಕಾರಣ ನಿದ್ದೆ. ಬೇಕರಿಯವರು ಊರೆಲ್ಲ ಮಲಗಿರುವಾಗ ಎದ್ದು ಹಿಟ್ಟು ನಾದುವವರು. ಹಾಗಾಗಿ ಸೂರ್ಯ ಇಳಿಯುತ್ತಿದ್ದಂತೆ ಇಡೀ ಮನೆ ಸ್ವಿಚ್ ಆರಿಸಿದ ಹಾಗೆ ಮಲಗಿಬಿಡುತ್ತದೆ. ನಮ್ಮಪ್ಪನೋ ಸಿನಿಮಾ ಥಿಯೇಟರಿನಲ್ಲಿ ಕೊನೆಯ ಆಟ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಬರುವವರು. ಅವರು ಬಂದ ಮೇಲೆಯೇ ನಮ್ಮಲ್ಲಿ ಊಟ, ಹರಟೆ, ಜಗಳ ಎಲ್ಲ. ಈ ಮನೆಯಲ್ಲಿ ನಾನು ಕಿಟಕಿಯಾಚೆ ಇನ್ನೂ ಮಕ್ಕಳು ಆಡುವ ಸದ್ದು ಕೇಳುತ್ತ, ಎಲ್ಲರ ಗೊರಕೆಯ ನಡುವೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ. ಬೆಳಿಗ್ಗೆ ಕೌಂಟರಿನಲ್ಲಿ ತೂಕಡಿಸುತ್ತಿದ್ದೆ.

ಅತ್ತೆ ನಗುತ್ತಿದ್ದರು. "ನೀನು ಬಂದಿದೀಯ ಕಣೇ, ನಿನ್ನ ನಿದ್ದೆ ಇನ್ನೂ ತವರುಮನೇಲೇ ಇದೆ."

ತಮಾಷೆಗೇ ಹೇಳುತ್ತಿದ್ದದ್ದು. ಆದರೂ ನನಗೆ ಚುಚ್ಚುತ್ತಿತ್ತು.

ಫೋಟೋ ವಿಷಯ ಎತ್ತಿದಾಗ ಗಂಡ "ಆಗಲಿ" ಎಂದ. ಅವನು ಯಾವುದಕ್ಕೂ ಬೇಡ ಎನ್ನುವವನಲ್ಲ. ಗೋಣು ಅಲ್ಲಾಡಿಸುವುದರಲ್ಲಿ ಎತ್ತಿದ ಕೈ. ನಮ್ಮ ಬೀದಿಯಲ್ಲೇ ಸ್ಟುಡಿಯೋ ಇಟ್ಟಿರುವ ಹೆಂಗಸನ್ನು, ಎಲ್ಲರೂ ಸ್ಟುಡಿಯೋ ಅಕ್ಕ ಎನ್ನುವವಳನ್ನು, ಬೇಕರಿಯ ಹಿಂದಿನ ಕೋಣೆಗೆ ಕರೆಸಿದೆ. ಹಿಟ್ಟು ನಾದುವ ಮೇಜಿನ ಸುತ್ತ ಸಭೆ ಸೇರಿತು.

"ಸಮುದ್ರದ ದಂಡೇಲಿ ತೆಗೆಯೋಣ. ಸೂರ್ಯ ಮುಳುಗೋ ಹೊತ್ತಿಗೆ" ಎಂದಳು ಸ್ಟುಡಿಯೋ ಅಕ್ಕ.

"ಆ ಹೊತ್ತಿಗೆ ನಾವು ಮಲಗಿರ್ತೀವಲ್ಲ!" ಎಂದರು ಭಾವ, ಯಾರೋ ಸ್ನಾನದ ಮನೆಯಲ್ಲಿ ಫೋಟೋ ತೆಗೆಯುತ್ತೇನೆ ಎಂದಂತೆ ಗಾಬರಿಯಾಗಿ. "ಬೆಳಿಗ್ಗೆ ತೆಗೀರಿ."

"ಬೆಳಿಗ್ಗೆ ಬನ್ನು ಯಾರು ಮಾರೋದು? ನಾನಾ?" ಎಂದಳು ಓರಗಿತ್ತಿ.

"ಮಧ್ಯಾಹ್ನ?" ಎಂದರು ಭಾವ.

"ಮಧ್ಯಾಹ್ನದ ಬಿಸಿಲಲ್ಲಿ ಎಲ್ಲಾರೂ ಕಣ್ಣು ಕಿರಿದು ಮಾಡ್ಕೊಂಡು, ಸಾಲ ವಸೂಲಿಗೆ ಬಂದೋರ ಥರ ಕಾಣ್ತೀರ" ಎಂದಳು ಸ್ಟುಡಿಯೋ ಅಕ್ಕ. "ಸಂಜೆ ಬೆಳಕು ಹದಕ್ಕೆ ಬರುತ್ತೆ. ಸ್ವಲ್ಪ ಹೊತ್ತು ಅಷ್ಟೆ. ತಪ್ಪಿದ್ರೆ ಮತ್ತೆ ಸಿಗಲ್ಲ."

ಅಲ್ಲಿಯವರೆಗೆ ಮೂಲೆಯಲ್ಲಿ ಟ್ರೇಗಳಿಗೆ ಎಣ್ಣೆ ಸವರುತ್ತ, ಮಾತು ಕಿವಿಗೇ ಬೀಳದವರಂತಿದ್ದ ಅತ್ತೆ ತಲೆಯೆತ್ತಿದರು. ಹದ ಎಂದರೆ ಅವರಿಗೆ ಗೊತ್ತು. ಉಬ್ಬಿದ ಹಿಟ್ಟಿಗೆ ಬೆರಳೊತ್ತಿ, ಕುಳಿ ನಿಧಾನವಾಗಿ ಮೇಲೆ ಬರುವುದನ್ನು ನೋಡಿಯೇ ಅವರು ಓವನ್ನಿಗೆ ಹಾಕಿ ಎನ್ನುವುದು.

"ಹದಕ್ಕೆ ಕಾಯ್ಬೇಕು ಅಂದ್ರೆ ಕಾಯ್ಬೇಕಪ್ಪ" ಎಂದರು. ಸಂಜೆ ಎಂದು ತೀರ್ಮಾನವಾಯಿತು.

ಸ್ಟುಡಿಯೋ ಅಕ್ಕ ಮೇಜಿನ ಮೇಲೆ ಚೆಲ್ಲಿದ್ದ ಒಣಹಿಟ್ಟಿನಲ್ಲಿ ಬೆರಳಿನಿಂದ ಸೊನ್ನೆಗಳನ್ನು ಬರೆದಳು. ಇದು ಅಮ್ಮ, ಇದು ದೊಡ್ಡ ಮಗ, ಇದು ಅವನ ಹೆಂಡತಿ, ಮುಂದೆ ಮಗು. ನನ್ನ ಸೊನ್ನೆಯನ್ನು ಗಂಡನ ಸೊನ್ನೆಯ ಪಕ್ಕ ಬರೆದಾಗ ನಾನು ಮೇಜಿನ ಮೇಲೆ ಬಗ್ಗಿ ನೋಡಿದೆ. ದುಂಡಗೆ, ಚೆನ್ನಾಗಿತ್ತು.

ಅತ್ತೆ ಎಣ್ಣೆ ಕೈಯಲ್ಲೇ ಬಂದು ನಿಂತರು. "ಇದರಲ್ಲಿ ಅವರೆಲ್ಲಿ?"

ಮಾವನಿಗೆ ಸೊನ್ನೆಯಿರಲಿಲ್ಲ.

"ಅವರಿಲ್ದೇ ಇರೋದು ಮನೆಯವರ ಫೋಟೋ ಹೇಗಾಗುತ್ತೆ? ತೆಗೆಸ್ಕೊಳ್ಳಿ, ನಾನು ಬೇಡ ಅನ್ನಲ್ಲ. ಬರ್ತೀನಿ ಕೂಡ. ಆದ್ರೆ ಗೋಡೆ ಮೇಲಿರೋದನ್ನ ಇಳಿಸೋದು ಬೇಡ."

ಇನ್ನೊಂದು ಮೊಳೆ ಹೊಡೆಯೋಣ ಎನ್ನುವಂತಿರಲಿಲ್ಲ. ಉಳಿದ ಗೋಡೆಯೆಲ್ಲ ಕಪಾಟು. ನನ್ನ ನಾಲಿಗೆಯ ತುದಿಯವರೆಗೆ ಏನೇನೋ ಬಂತು. ಗಂಡ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಅಷ್ಟರಲ್ಲಿ ಭಾವ, ಹೊತ್ತಾಯಿತು ಎಂದು, ನಾದಬೇಕಾದ ಹಿಟ್ಟಿನ ದೊಡ್ಡ ಮುದ್ದೆಯನ್ನು ತಂದು ಧೊಪ್ಪನೆ ಮೇಜಿನ ಮೇಲೆ ಹಾಕಿದರು. ನನ್ನ ಸೊನ್ನೆ ಅದರಡಿ ಹೋಯಿತು.

ಆದರೂ ನಾನು ಬಿಡಲಿಲ್ಲ. ಯಾರ ಬಟ್ಟೆ ಯಾವ ಬಣ್ಣ ಎಂದು ಹೇಳಿದೆ. ಬಿಳಿ ಬೇಡವೇ ಬೇಡ, ಈ ಮನೆಯವರು ಹುಟ್ಟಿದಾಗಿನಿಂದ ಬಿಳಿ ಹಿಟ್ಟಿನಲ್ಲೇ ಇದ್ದಾರೆ ಎಂದೆ. ಗಾಳಿಗೆ ಕೂದಲು ಹಾರದಂತೆ ಚಿಟ್ಟೆಗೆ ಎರಡು ಜಡೆ ಎಂದೆ. ನಿದ್ದೆಯ ಮಾತು ಬಂದಾಗ ಓರಗಿತ್ತಿಯೇ ಪರಿಹಾರ ಹೇಳಿದಳು.

"ಇವಳಿದಾಳಲ್ಲ. ಇವಳಿಗೆ ಹೇಗೂ ಆ ಹೊತ್ತಲ್ಲಿ ನಿದ್ದೆ ಬರಲ್ಲ. ನಾವು ತೂಕಡಿಸಿದ್ರೆ ಎಬ್ಬಿಸ್ತಾಳೆ."

ಒಂದು ವರ್ಷದಲ್ಲಿ ಮೊದಲ ಸಲ ನನ್ನ ಎಚ್ಚರ ಈ ಮನೆಯ ಉಪಯೋಗಕ್ಕೆ ಬರುವುದಿತ್ತು. "ನಂಗೆ ಬಿಡಿ" ಎಂದೆ.

ಒಂದು ದಿನ ಮಧ್ಯಾಹ್ನಕ್ಕೇ ಬೇಕರಿ ಮುಚ್ಚಿ ಹೊರಟೆವು. ನಮ್ಮವರಿಗೆ ತಡ ಎಂದರೆ ಸೀದುಹೋಯಿತು ಎಂದೇ ಅರ್ಥ. ಹಾಗಾಗಿ ಸೂರ್ಯ ಇನ್ನೂ ನೆತ್ತಿಯಿಂದ ಪೂರ್ತಿ ಇಳಿಯುವ ಮೊದಲೇ ದಂಡೆಯಲ್ಲಿದ್ದೆವು. ಮರಳಿನ ಮೇಲೆ ಎಳೆದುಹಾಕಿದ್ದ ಹಳೆಯ ದೋಣಿಯೊಂದರ ನೆರಳಿನಲ್ಲಿ ಚಾಪೆ ಹಾಸಿ, ಬುಟ್ಟಿಯಿಂದ ಬನ್ನು ತೆಗೆದು ತಿಂದೆವು. ಸ್ಟುಡಿಯೋ ಅಕ್ಕ ಬೆಳಕು ಹದಕ್ಕೆ ಬರುವ ಹೊತ್ತಿಗೆ ಬರುವುದಾಗಿ ಹೇಳಿದ್ದಳು. ಅತ್ತೆ ಟವೆಲಿನಲ್ಲಿ ಸುತ್ತಿದ ಏನನ್ನೋ ಮಡಿಲಲ್ಲಿ ಇಟ್ಟುಕೊಂಡಿದ್ದರು. ಹೊದೆಯಲು ಏನೋ ತಂದಿದ್ದಾರೆ ಎಂದುಕೊಂಡೆ.

ನೆರಳು ಉದ್ದವಾಯಿತು. ಮೊದಲು ಭಾವ ಜಾರಿದರು, ಆಮೇಲೆ ಚಿಟ್ಟೆ, ಅರ್ಧ ತಿಂದ ಬನ್ನು ಕೈಯಲ್ಲೇ. ಗಂಡ ದೋಣಿಗೆ ತಲೆಯಾನಿಸಿ ಬಾಯಿ ತೆರೆದ. ಮಲಗಲಿ, ಎಬ್ಬಿಸಿದರಾಯಿತು ಎಂದು ನಾನು ಅತ್ತೆಯ ಪಕ್ಕ ಕಾವಲು ಕೂತೆ. ಅಲೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಅತ್ತೆಯ ಉಸಿರೂ ಹಾಗೇ ಬರುತ್ತಿತ್ತು, ಹೋಗುತ್ತಿತ್ತು. ಅವರ ಮೈಯಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು.

ಕಣ್ಣು ಬಿಟ್ಟಾಗ ಸೂರ್ಯನಿರಲಿಲ್ಲ. ಸ್ಟುಡಿಯೋ ಅಕ್ಕ ಕ್ಯಾಮೆರಾವನ್ನು ಚೀಲಕ್ಕೆ ತುಂಬುತ್ತಿದ್ದಳು.

"ಎಬ್ಬಿಸಬಾರದಿತ್ತಾ?" ಎಂದು ಅವಳ ಮೇಲೆ ರೇಗಿದೆ. ರೇಗಬೇಕಾದ್ದು ನನ್ನ ಮೇಲೇ ಎಂದು ಗೊತ್ತಿತ್ತು.

"ಕೂಗ್ದೆ ತಾಯಿ. ನಿಮ್ಮ ಭಾವ 'ಇನ್ನೂ ಬೆಂದಿಲ್ಲ' ಅಂತ ಹೇಳಿ ಮಗ್ಗುಲು ಬದಲಾಯಿಸಿದ್ರು. ನೀನಂತೂ ಅಲ್ಲಾಡ್ಲಿಲ್ಲ. ಬೆಳಕು ಹೋಗ್ತಾ ಇತ್ತು. ಹೇಗಿದ್ರೋ ಹಾಗೇ ತೆಗೆದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ವಾಪಸು ಬರುವಾಗ ಎಲ್ಲರೂ ನಕ್ಕರು, ನಾನು ನಗಲಿಲ್ಲ. ಎಲ್ಲರನ್ನೂ ಹೊರಡಿಸಿದವಳು ನಾನು, ಎಚ್ಚರವಾಗಿರುತ್ತೇನೆ ಎಂದವಳು ನಾನು. ಇನ್ನು ಆ ಮೊಳೆಯ ಆಸೆ ಬಿಟ್ಟ ಹಾಗೇ ಎಂದು ಕತ್ತಲಲ್ಲಿ ಕಣ್ಣೊರೆಸಿಕೊಂಡೆ.

ಕೆಲವು ದಿನಗಳ ಮೇಲೆ ಸ್ಟುಡಿಯೋ ಅಕ್ಕ ಕಟ್ಟು ಹಾಕಿಸಿದ ಫೋಟೋ ತಂದು ಮೇಜಿನ ಮೇಲಿಟ್ಟಳು. ಎಲ್ಲರೂ ಬಗ್ಗಿದರು. ದೋಣಿಗೆ ಒರಗಿ ಸಾಲಾಗಿ ಮಲಗಿದ್ದೇವೆ, ಓವನ್ನಿನ ಬಾಗಿಲು ತೆಗೆದಾಗ ಬೀಳುವಂಥ ಕೆಂಪು ಬೆಳಕು ಎಲ್ಲರ ಮುಖದ ಮೇಲೂ ಇದೆ. ಅತ್ತೆಯ ಮಡಿಲಿನ ಟವೆಲು ಜಾರಿದೆ. ಒಳಗಿರುವುದು ಹಳೆಯ ಫೋಟೋ, ನಡುವಿನ ಮಾವ ಮಾತ್ರ ಕಾಣುತ್ತಿದ್ದಾರೆ. ಹೊರಡುವ ಮೊದಲು ಯಾರಿಗೂ ಹೇಳದೆ ಗೋಡೆಯಿಂದ ಇಳಿಸಿ ತಂದು, ಹಿಂದಿರುಗಿದ ಮೇಲೆ ಹಾಗೇ ಮತ್ತೆ ತೂಗುಹಾಕಿದ್ದಾರೆ. ನಮ್ಮೆಲ್ಲರಲ್ಲಿ ಕಣ್ಣು ಬಿಟ್ಟಿರುವವರು ಮಾವ ಒಬ್ಬರೇ. ನಾನು ಅತ್ತೆಯ ಹೆಗಲ ಮೇಲೆ ತಲೆಯಿಟ್ಟು, ಅವರ ತೋಳನ್ನು ಎರಡು ಕೈಯಲ್ಲೂ ತಬ್ಬಿಕೊಂಡು, ಚಿಟ್ಟೆಗಿಂತ ಕಡೆಯಾಗಿ ನಿದ್ದೆ ಹೋಗಿದ್ದೇನೆ.

ಅತ್ತೆ ಬಹಳ ಹೊತ್ತು ನೋಡಿದರು. ಹಿಟ್ಟಿಗೆ ಒತ್ತುವ ಬೆರಳನ್ನು ಗಾಜಿನ ಮೇಲೆ, ನನ್ನ ಮುಖದ ಮೇಲಿಟ್ಟರು.

"ಅಂತೂ ಇವಳ ನಿದ್ದೆ ತವರಿಂದ ಬಂತು ನೋಡ್ರೋ" ಎಂದರು.

ಆಮೇಲೆ ತಾವೇ ಸ್ಟೂಲು ಹತ್ತಿದರು. ಹಳೆಯ ಫೋಟೋ ಅವರ ಮಂಚದ ಪಕ್ಕಕ್ಕೆ ಹೋಯಿತು, ಹೊಸದು ಮೊಳೆಗೆ ಬಂತು.

ಮರುದಿನ ಕನ್ನಡಕದ ಮೇಷ್ಟ್ರು ಬಂದರು. ಫೋಟೋವನ್ನು ಕತ್ತು ವಾರೆ ಮಾಡಿ ನೋಡಿ, "ಇದೇನಮ್ಮ, ಸಮುದ್ರಕ್ಕೆ ಹೋಗಿ ಎಲ್ಲಾರೂ ಮಲಗಿಬಿಟ್ಟಿದಾರೆ!" ಎಂದರು.

ನಾನು ಬ್ರೆಡ್ ತೆಗೆಯುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಬಂತು.

"ನಮ್ಮ ಮನೆಯವರೆಲ್ಲ ಆ ಹೊತ್ತಿಗೆ ಮಲಗ್ತಾರೆ ಮೇಷ್ಟ್ರೇ."

ನನ್ನ ಕಣ್ಣು ತುಂಬಿತು. ಮೇಷ್ಟ್ರಿಗೆ ಕಾಣದಂತೆ ತಲೆ ತಗ್ಗಿಸಿ, ಅವರ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಟ್ಟೆ.